ಖಿನ್ನತೆ ಇರುವಾಗ ಜಪ, ಧ್ಯಾನ, ಹರಕೆ: ಯಾವುದು, ಎಷ್ಟು?

ನೀವು ಬರೆದದ್ದು ಇಷ್ಟು: ಖಿನ್ನತೆಯ ಮಾತ್ರೆ ಎಸ್ಸಿಟಲೊಪ್ರಾಮ್ ಶುರುಮಾಡಿ ಮೂರು ವಾರ, ಧ್ಯಾನಕ್ಕೆ ಕೂತರೆ ಅಳು ಬರುತ್ತದೆ, ಜ್ಯೋತಿಷಿಯ ಬಳಿ ಪ್ರಶ್ನೆ ಇಟ್ಟಾಗ ನಾಗದೋಷ ಎಂದು ಬಂತು, ಮಾತ್ರೆ ಬಿಟ್ಟು ದೇವರನ್ನು ನಂಬು ಎಂದು ಅಮ್ಮ ಹೇಳುತ್ತಾರೆ. ಉಡುಪಿಯಲ್ಲಿದ್ದೀರಿ.

ಧ್ಯಾನದ ವಿಷಯ ಮೊದಲು. ಭಕ್ತಿ ಸಾಲದೆ ಅಳು ಬರುವುದಲ್ಲ. ಖಿನ್ನತೆ ಜೋರಾಗಿರುವಾಗ ತಲೆ ಹಳೆಯ ತಪ್ಪುಗಳನ್ನೇ ಮೆಲುಕು ಹಾಕುತ್ತಿರುತ್ತದೆ. ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಅದನ್ನು ತಡೆಯುವವರೇ ಇಲ್ಲ. ಖಿನ್ನತೆಗೆಂದು ಎಲ್ಲರೂ ಹೇಳುವ, ಉಸಿರು, ಯೋಚನೆಗಳನ್ನು ಸುಮ್ಮನೆ ಗಮನಿಸುವ ಆ 8 ವಾರಗಳ ಮೈಂಡ್‌ಫುಲ್‌ನೆಸ್ ತರಬೇತಿ ರೂಪುಗೊಂಡದ್ದು ಕೂಡ ಮುಖ್ಯವಾಗಿ ಚೇತರಿಸಿಕೊಂಡವರಿಗೆ, ಕಾಯಿಲೆ ಮರುಕಳಿಸದಿರಲಿ ಎಂದು. ಸದ್ಯಕ್ಕೆ ಅರ್ಧ ಗಂಟೆಯ ಧ್ಯಾನ ಬದಿಗಿಡಿ. ಬಾಯಿಗೆ, ಕೈಗೆ, ಕಾಲಿಗೆ ಕೆಲಸವಿರುವ ಭಕ್ತಿ ಹಿಡಿಯಿರಿ. ಕಣ್ಣು ತೆರೆದು ದೀಪ ನೋಡುತ್ತಾ, ಪಕ್ಕದವರಿಗೆ ಕೇಳಿಸುವಷ್ಟು ದನಿಯಲ್ಲಿ ನಾಮ ಹೇಳಿ. 108 ಬೇಡ, 11 ಸಾಕು. 108 ಎಂದು ಹೊರಟು 40ಕ್ಕೆ ನಿಂತರೆ 'ಇದೂ ನನ್ನಿಂದ ಆಗಲಿಲ್ಲ' ಎಂಬುದೊಂದು ಹೊಸತಾಗಿ ಸೇರಿಕೊಳ್ಳುತ್ತದೆ.

ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯಬೇಡಿ, ಈ ಕಾಯಿಲೆಯಲ್ಲಿ ಮನಸ್ಸು ಮೊದಲು ಬರುವುದಿಲ್ಲ. ದೇವರ ಎದುರು ನಿಂತರೂ ಏನೂ ಅನಿಸದಿದ್ದರೆ ಗಾಬರಿ ಬೇಡ. ಗಂಜಿ, ಉಪ್ಪಿನಕಾಯಿಯ ರುಚಿಯೇ ಹತ್ತದ ದಿನಗಳಲ್ಲಿ ಭಜನೆಯ ರುಚಿ ಎಲ್ಲಿಂದ ಬರಬೇಕು? ಅದು ರೋಗಲಕ್ಷಣ, ನಾಸ್ತಿಕತೆಯಲ್ಲ.

ಬೆಳಗಿನ ಜಾವ ಎದ್ದು ನಿರ್ಮಾಲ್ಯ ಪೂಜೆಗೆ ಓಡುವ ಹರಕೆಯನ್ನೂ ಈಗ ಹೊರಬೇಡಿ. ಅನೇಕರಿಗೆ ಬೆಳಿಗ್ಗೆಯೇ ಅತಿ ಭಾರ, ಸಂಜೆಗೆ ಸ್ವಲ್ಪ ಸಡಿಲ. ಸಂಜೆ ದೇವಸ್ಥಾನಗಳ ಸುತ್ತಲಿನ ರಥಬೀದಿಯಲ್ಲಿ ಎರಡು ಸುತ್ತು ಹಾಕಿದರೆ ಪ್ರದಕ್ಷಿಣೆಯೂ ಆಯಿತು, ನಡಿಗೆಯೂ ಆಯಿತು. ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಕಾಯಿಲೆ) ಇರುವವರಂತೂ ರಾತ್ರಿಯಿಡೀ ಕೂತು ಭೂತಕೋಲ ನೋಡುವುದನ್ನು ಬಿಡಬೇಕು. ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು.

ಊರಿನ ಭಜನಾ ಮಂದಿರದಲ್ಲಿ ವಾರದ ಭಜನೆ ಇದ್ದರೆ ಹೋಗಿ. ಹಾಡಲೇಬೇಕೆಂದಿಲ್ಲ, ತಾಳ ಹಾಕಿ, ಚಾಪೆ ಹಾಸಿ. 'ಎಂಥ ಮಾರಾಯ್ರೆ, ಸಪ್ಪೆ ಇದ್ದೀರಲ್ಲ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಹೆದರಿ ಎರಡನೇ ವಾರ ಹೋಗದವರು ಬಹಳ. ಉತ್ತರವನ್ನು ಮನೆಯಿಂದಲೇ ಸಿದ್ಧಮಾಡಿಕೊಂಡು ಹೋಗಿ: 'ಹುಷಾರಿಲ್ಲ, ಮದ್ದು ಮಾಡ್ತಾ ಇದ್ದೇನೆ.'

ಇನ್ನು ನಾಗದೋಷ. ಆಶ್ಲೇಷ ಬಲಿ ಮಾಡಿಸಿದರೆ ಮನೆಯವರಿಗೆ ಸಮಾಧಾನವೆಂದಾದರೆ ಮಾಡಿಸಿ, ಸಾಲ ಮಾತ್ರ ಮಾಡಬೇಡಿ. ಎಡವಟ್ಟಾಗುವುದು ಬೇರೆ ಕಡೆ. ಈ ಮಾತ್ರೆಗಳ ಗುಣ ಕಾಣತೊಡಗಲು 2ರಿಂದ 4 ವಾರ ಬೇಕು, ಪೂರ್ತಿ ತಿಳಿಯಲು 6 ವಾರವೂ ಆಗಬಹುದು. ನಾಲ್ಕನೇ ವಾರ ಸೇವೆಯಾಗುತ್ತದೆ, ಐದನೇ ವಾರ ನಿದ್ದೆ, ಹಸಿವು ಮರಳುತ್ತದೆ, ಗುಣವಾದ ಹೆಸರೆಲ್ಲ ಸೇವೆಗೆ ಹೋಗಿ ಮಾತ್ರೆ ನಿಲ್ಲುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು. ಕೆಲವು ತಿಂಗಳಲ್ಲಿ ಕಾಯಿಲೆ ಮರಳಿದರೆ 'ದೇವರಿಗೂ ನಾನು ಬೇಡವಾದೆ' ಎಂಬ ಯೋಚನೆ. ನನಗೆ ದೋಷಕ್ಕಿಂತ ಇದರ ಭಯ ಹೆಚ್ಚು. ಗುಣವಾದ ಮೇಲೂ ಕನಿಷ್ಠ 6ರಿಂದ 9 ತಿಂಗಳು ಮಾತ್ರೆ ಮುಂದುವರಿಯಬೇಕು, ಆಮೇಲೆ ಡಾಕ್ಟರು ಹೇಳಿದಂತೆ ನಿಧಾನಕ್ಕೆ ಇಳಿಸುವುದು.

ಉಪವಾಸದ ಬಗ್ಗೆ ಒಂದೇ ಮಾತು: ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರೂ ಕುಡಿಯದ ಏಕಾದಶಿ ಮಾಡಬಾರದು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈನಡುಕ, ವಾಂತಿ, ತೂರಾಟ ಕಂಡರೆ ಅದು ತುರ್ತು. ರಂಜಾನ್ ಉಪವಾಸಕ್ಕೂ ಇದೇ ಎಚ್ಚರ. ಬೇರೆ ಮಾತ್ರೆಯವರು ಹೊತ್ತು ಬದಲಿಸುವ ಮೊದಲು ಡಾಕ್ಟರನ್ನು ಕೇಳಿ.

ಯಾವ ಆಚರಣೆ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂಬುದನ್ನು ಒಂದು ನೋಟ್‌ಬುಕ್ ಹೇಳುತ್ತದೆ. ಮಾಡುವ ಮೊದಲು, ಮಾಡಿ ಅರ್ಧ ಗಂಟೆಯ ನಂತರ, ಮನಸ್ಸಿನ ಭಾರಕ್ಕೆ 0ರಿಂದ 10ರೊಳಗೆ ಅಂಕ ಹಾಕಿ. ವಾರವಿಡೀ ಭಾರ ಏರುತ್ತಲೇ ಇದ್ದರೆ ಅದು ಎಷ್ಟೇ ಪವಿತ್ರವಿರಲಿ, ಸದ್ಯಕ್ಕೆ ನಿಲ್ಲಿಸಿ. ಕರ್ಮಫಲದ ಪ್ರವಚನಗಳು ಹೆಚ್ಚಾಗಿ ಈ ಪಟ್ಟಿಗೆ ಬೀಳುತ್ತವೆ.

ಸಾಯುವ ಯೋಚನೆ ಬಂದರೆ, ಊಟ ನಿಂತರೆ, ಯಾರೂ ಇಲ್ಲದೆ ದನಿ ಕೇಳಿಸಿದರೆ ಸೇವೆಯ ದಿನಕ್ಕೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲವೇ ನೇರ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ, ಮಂಗಳೂರಿನಲ್ಲಿದ್ದರೆ ವೆನ್ಲಾಕ್‌ಗೆ, ಒಬ್ಬರನ್ನು ಜೊತೆ ಮಾಡಿಕೊಂಡು ಹೋಗಿ.

ಅಮ್ಮನ ಜೊತೆ ವಾದ ಬೇಡ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ, 6 ವಾರದ ಲೆಕ್ಕವನ್ನು ಡಾಕ್ಟರ ಬಾಯಿಂದಲೇ ಕೇಳಲಿ. ಮಾತ್ರೆಯನ್ನು ದೇವರ ಕೋಣೆಯಲ್ಲಿಟ್ಟು, ದಿನಾ ಅದೇ ಹೊತ್ತಿಗೆ ಅಮ್ಮನ ಕೈಯಿಂದಲೇ ತೆಗೆದುಕೊಳ್ಳಿ. ದೀಪದಿಂದ ಮಾತ್ರ ಒಂದು ಗೇಣು ದೂರ ಇರಲಿ, ಬಿಸಿ ತಾಗಬಾರದು.