ನರಮೇಧದ ನಂತರ ರುವಾಂಡಾ ಹಳ್ಳಿ ಪಂಚಾಯ್ತಿಯಂಥ ಕೋರ್ಟ್ ಯಾಕೆ ಮಾಡಿತು?

ಮಾಮೂಲಿ ಕೋರ್ಟುಗಳಿಂದ ಆಗದ ಕೆಲಸ ಅದು. ಆಫ್ರಿಕಾದ ಈ ದೇಶದಲ್ಲಿ 1994ರಲ್ಲಿ ಹುಟು ಉಗ್ರರು ಟುಟ್ಸಿ ಸಮುದಾಯದವರನ್ನು ಕೊಂದ ಆ ನರಮೇಧದಲ್ಲಿ ಜಡ್ಜುಗಳು, ವಕೀಲರು ಬಹುಪಾಲು ಸತ್ತಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು. ಇತ್ತ ಜೈಲುಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಆರೋಪಿಗಳು. ಒಂದೊಂದೇ ಕೇಸು ನಡೆಸಿದರೆ ನೂರು ವರ್ಷವಾದರೂ ಮುಗಿಯುತ್ತಿರಲಿಲ್ಲ.

ಅದಕ್ಕೇ ಹಳೆಯ 'ಗಚಾಚಾ' ಪದ್ಧತಿಗೆ ಕಾನೂನಿನ ರೂಪ ಕೊಟ್ಟರು. ಗಚಾಚಾ ಅಂದರೆ ಹುಲ್ಲು. ಊರವರು ಹುಲ್ಲಿನ ಮೇಲೆ ಕೂತು ಜಗಳ ತೀರಿಸುತ್ತಿದ್ದರಲ್ಲ, ಆ ಹೆಸರು. ಜಡ್ಜುಗಳನ್ನು ಊರಿನವರೇ ಆರಿಸುತ್ತಿದ್ದರು. ಇವರು ಕಾನೂನು ಓದಿದವರಲ್ಲ.

ಇದರ ಗುಟ್ಟು ಇಷ್ಟೇ: ಯಾರ ಮನೆಗೆ ಯಾರು ಮಚ್ಚು ಹಿಡಿದು ನುಗ್ಗಿದರು ಅಂತ ನೋಡಿದ್ದು ಅಕ್ಕಪಕ್ಕದವರೇ. ಸಾಕ್ಷಿ ಊರಲ್ಲೇ ಇತ್ತು. ತಪ್ಪೊಪ್ಪಿಕೊಂಡರೆ ಶಿಕ್ಷೆಯೂ ಕಡಿಮೆ. ಹಾಗಾಗಿ ಹೆಣ ಎಲ್ಲಿ ಹೂತಿದ್ದೇವೆ ಅಂತ ಎಷ್ಟೋ ಜನ ಬಾಯಿಬಿಟ್ಟರು.

2002ರಿಂದ 2012ರವರೆಗೆ ಸುಮಾರು 12,000 ಗಚಾಚಾಗಳು 19 ಲಕ್ಷದಷ್ಟು ಕೇಸು ಮುಗಿಸಿದವು. ಆದರೆ ಆರೋಪಿಗೆ ವಕೀಲರಿರಲಿಲ್ಲ. ಹಳೇ ದ್ವೇಷಕ್ಕೆ ಸುಮ್ನೆ ಹೆಸರು ಹೇಳಿದವರೂ ಇದ್ದರು. ನರಮೇಧ ನಿಲ್ಲಿಸಿ ಅಧಿಕಾರ ಹಿಡಿದ ಟುಟ್ಸಿ ನೇತೃತ್ವದ ಬಂಡುಕೋರ ಪಡೆ ಆರ್‌ಪಿಎಫ್‌ನ ಸೈನಿಕರು ಮಾಡಿದ ಕೊಲೆಗಳಂತೂ ಅಲ್ಲಿ ವಿಚಾರಣೆಗೇ ಬರಲಿಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಇದೇ.