ಚಾನೆಲ್‌ನವರ ಪತ್ರಿಕೆ ಹೊಗಳಿದ ಗೇಮ್ ಶೋ ನಿರ್ಮಾಪಕರ ಪುಸ್ತಕ ಕೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು: ಗೇಮ್ ಶೋ ನಿರ್ಮಾಪಕರೊಬ್ಬರ ಹೊಸ ಪುಸ್ತಕ ಬಂದಿದೆ, ಆ ಶೋ ತೋರಿಸುವ ಚಾನೆಲ್‌ನದ್ದೇ ಪತ್ರಿಕೆಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಹೊಗಳಿಕೆ ಇದೆ, ಅದನ್ನು ನಂಬಿ ದುಡ್ಡು ಹಾಕಬಹುದಾ, ಮತ್ತೆ ಟಿವಿ ಕಂಪನಿಗಳಿಗೆ ಪತ್ರಿಕೆ ಯಾಕೆ ಬೇಕು ಅಂತ.

ಹೊಗಳಿಕೆಯನ್ನು ಪಕ್ಕಕ್ಕಿಡಿ. ಪುಸ್ತಕವನ್ನು ಮಾತ್ರ ಕೈಬಿಡಬೇಡಿ, ಅದರಲ್ಲಿ ಕೆಲವು ಪುಟಗಳನ್ನು ಹುಡುಕಿ ನೋಡಿ ಆಮೇಲೆ ತೀರ್ಮಾನ ಮಾಡಿ. ಯಾವ ಪುಟ ಅಂತ ಕೊನೆಗೆ ಹೇಳುತ್ತೇನೆ. ಮೊದಲು ಪತ್ರಿಕೆಗಳ ವಿಷಯ, ಯಾಕಂದ್ರೆ ಅದು ನನಗೆ ತುಂಬಾ ಹತ್ತಿರದ್ದು.

ಕೆಲಸದ ಮೇಲೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಾಲ್ಕು ವರ್ಷ ಇದ್ದೆ. ಬಾಡಿಗೆ ಮನೆಯ ಓನರ್ ಎಪ್ಪತ್ತು ದಾಟಿದ ಅಜ್ಜಿ, ಕೆಳಗಿನ ಮನೆಯಲ್ಲೇ ಇದ್ದರು. ಡಿಸೆಂಬರ್ ಬಂತೆಂದರೆ ಅವರ ಅಡುಗೆಮನೆ ಮೇಜಿನ ಮೇಲೆ ಟಿವಿ, ರೇಡಿಯೋ ಕಾರ್ಯಕ್ರಮಗಳ ಪಟ್ಟಿ ಹಾಕುವ ವಾರಪತ್ರಿಕೆ ರೇಡಿಯೋ ಟೈಮ್ಸ್‌ನ ಕ್ರಿಸ್‌ಮಸ್ ಸಂಚಿಕೆ ಬಂದು ಕೂರುತ್ತಿತ್ತು. ಎರಡು ವಾರದ್ದು ಒಟ್ಟಿಗೆ, ದಪ್ಪಗೆ. ಅಜ್ಜಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕೆಂಪು ಪೆನ್ನಿನಲ್ಲಿ ನೋಡಲೇಬೇಕಾದ ಕಾರ್ಯಕ್ರಮಗಳಿಗೆ ಸುತ್ತು ಹಾಕುತ್ತಿದ್ದರು. ಒಂದೇ ಹೊತ್ತಿಗೆ ಎರಡು ಬಂದರೆ ಒಂದಕ್ಕೆ ಸುತ್ತು, ಇನ್ನೊಂದನ್ನು ರೆಕಾರ್ಡ್ ಮಾಡಬೇಕು ಅಂತ ಪಕ್ಕದಲ್ಲೊಂದು ಗೀಟು. ಟೀ ಲೋಟದ ಗುರುತು ಬಿದ್ದ ಪುಟಗಳೂ ಇದ್ದವು. ನಾನು ವಾಪಸ್ ಬರುವಾಗ ಹಳೆಯ ಸಂಚಿಕೆಗಳಿದ್ದ ರಟ್ಟಿನ ಡಬ್ಬ ತೆಗೆದು, ನಿನಗೆ ಬೇಕಾದಷ್ಟು ಆರಿಸಿಕೋ ಅಂದರು. ಸೂಟ್‌ಕೇಸಿನಲ್ಲಿ ಹಿಡಿಸಿದ್ದು ಆರು. ಈಗಲೂ ಮೈಸೂರಿನ ನಮ್ಮ ಮನೆಯ ಬೀರುವಿನಲ್ಲಿವೆ.

ಆ ಪತ್ರಿಕೆ ಹುಟ್ಟಿದ್ದು ಒಂದು ಜಗಳದಿಂದ. ಬಿಬಿಸಿ ರೇಡಿಯೋ ಆಗ ಹೊಸದು. ಇವತ್ತು ಏನೇನು ಪ್ರಸಾರ ಅಂತ ದಿನಪತ್ರಿಕೆಗಳು ಹಾಕಬೇಕಿತ್ತು. ಪತ್ರಿಕಾ ಮಾಲೀಕರ ಸಂಘ ಅದಕ್ಕೆ ಜಾಹೀರಾತಿನ ಹಾಗೆ ದುಡ್ಡು ಕೊಡಿ ಅಂತ ಹೆದರಿಸಿತು. ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ನಮ್ಮದೇ ಪತ್ರಿಕೆ ಮಾಡೋಣ ಅಂದುಕೊಂಡರು. 1923ರ ಸೆಪ್ಟೆಂಬರ್ 28ರಂದು ರೇಡಿಯೋ ಟೈಮ್ಸ್‌ನ ಮೊದಲ ಸಂಚಿಕೆ ಬಂತು. ಆಮೇಲೆ ಟಿವಿ ಬಂತು, ಪತ್ರಿಕೆಯ ತುಂಬಾ ಟಿವಿಯೇ ಆಯಿತು, ಹೆಸರು ಮಾತ್ರ ಹಾಗೇ ಉಳಿಯಿತು.

1955ರಲ್ಲಿ ಖಾಸಗಿ ಟಿವಿ ಐಟಿವಿ ಶುರುವಾದಾಗ ಅವರೂ ಟಿವಿ ಟೈಮ್ಸ್ ಅಂತ ಒಂದು ಪತ್ರಿಕೆ ತಂದರು. ಈಗ ನೋಡಿ, ಬಿಬಿಸಿಯ ಇಡೀ ವಾರದ ಪಟ್ಟಿ ರೇಡಿಯೋ ಟೈಮ್ಸ್‌ನಲ್ಲಿ ಮಾತ್ರ, ಐಟಿವಿಯದ್ದು ಟಿವಿ ಟೈಮ್ಸ್‌ನಲ್ಲಿ ಮಾತ್ರ. ಬೇರೆ ಯಾರೂ ವಾರದ ಪಟ್ಟಿ ಹಾಕುವಂತಿಲ್ಲ, ಕಾಪಿರೈಟ್ ನಮ್ಮದು ಅನ್ನುತ್ತಿದ್ದರು. ಎರಡೂ ಚಾನೆಲ್ ನೋಡುವ ಮನೆಯವರು ವಾರವಾರ ಎರಡು ಪತ್ರಿಕೆ ಕೊಳ್ಳಬೇಕಿತ್ತು. ನಮ್ಮ ಅಜ್ಜಿಯ ಡಬ್ಬದಲ್ಲೂ ಎರಡೂ ಇದ್ದವು, ಒಂದೇ ವಾರದವು ಜೋಡಿ ಜೋಡಿಯಾಗಿ. 1988ರ ಕ್ರಿಸ್‌ಮಸ್‌ಗೆ ರೇಡಿಯೋ ಟೈಮ್ಸ್ 1 ಕೋಟಿ 10 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಬೇರೆ ದಾರಿಯೇ ಇಲ್ಲದಿದ್ದರೆ ಜನ ಇನ್ನೇನು ಮಾಡುತ್ತಾರೆ? ಐರ್ಲೆಂಡಿನಲ್ಲಿ ಮ್ಯಾಗಿಲ್ ಅನ್ನುವ ಪ್ರಕಾಶಕರು ಎಲ್ಲ ಚಾನೆಲ್‌ಗಳ ಪಟ್ಟಿಯನ್ನು ಒಂದೇ ಪತ್ರಿಕೆಯಲ್ಲಿ ಹಾಕಲು ಹೋದಾಗ ಚಾನೆಲ್‌ನವರು ಕೋರ್ಟಿನಿಂದ ತಡೆ ತಂದರು. ಆ ಕೇಸು ಯುರೋಪಿನ ನ್ಯಾಯಾಲಯದ ತನಕ ಹೋಯಿತು, 1995ರಲ್ಲಿ ತೀರ್ಪು ಚಾನೆಲ್‌ಗಳ ವಿರುದ್ಧ ಬಂತು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಕಾನೂನೇ ಬದಲಾಗಿ, 1991ರ ಮಾರ್ಚ್‌ನಿಂದ ಯಾರು ಬೇಕಾದರೂ ಎಲ್ಲ ಚಾನೆಲ್‌ಗಳ ಪಟ್ಟಿ ಹಾಕಬಹುದು ಅಂತ ಆಗಿತ್ತು.

ಅಮೆರಿಕದ ಟಿವಿ ಗೈಡ್ ಶುರುವಿನಲ್ಲಿ ಯಾವ ಚಾನೆಲ್‌ನದ್ದೂ ಆಗಿರಲಿಲ್ಲ. 1953ರ ಏಪ್ರಿಲ್‌ನಲ್ಲಿ ದೇಶವ್ಯಾಪಿ ಸಂಚಿಕೆ ಬಂದಾಗ ಮುಖಪುಟದಲ್ಲಿದ್ದದ್ದು ನಟಿ ಲುಸಿಲ್ ಬಾಲ್ ಅವರ ಹಸುಗೂಸು! 1988ರಲ್ಲಿ ರೂಪರ್ಟ್ ಮರ್ಡಾಕ್ ಅದನ್ನು ಅದರ ಜೊತೆಗಿದ್ದ ಪತ್ರಿಕೆಗಳ ಸಮೇತ ಸುಮಾರು 300 ಕೋಟಿ ಡಾಲರ್‌ಗೆ ಕೊಂಡರು. ಆಗ ಫಾಕ್ಸ್ ಟಿವಿ ಕೂಡ ಅವರದ್ದೇ. ಹೀಗೆ ಹೊರಗಿನ ಪತ್ರಿಕೆಯೂ ಒಂದು ದಿನ ಚಾನೆಲ್‌ನ ಮನೆಯೊಳಗೆ ಬಂದುಬಿಡಬಹುದು. ಅದಕ್ಕೇ ನೀವು ಓದಿದ ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಪ್ರಕಾಶಕರು ಯಾರು ಅಂತ, ಅದನ್ನು ಮೊದಲು ಓದಿ.

ನಮ್ಮಲ್ಲೂ ಇತ್ತು ಇದು. 1927ರಲ್ಲಿ ಮುಂಬಯಿಯಲ್ಲಿ ರೇಡಿಯೋ ಕಂಪನಿ ಶುರುವಾದಾಗಲೇ ಇಂಡಿಯನ್ ರೇಡಿಯೋ ಟೈಮ್ಸ್ ಬಂತು, 1935ರಲ್ಲಿ ಇಂಡಿಯನ್ ಲಿಸನರ್ ಅಂತ ಹೆಸರು ಬದಲಾಯಿತು, 1958ರಲ್ಲಿ ಆಕಾಶವಾಣಿ ಅಂತಾಯಿತು. ಮೈಸೂರಿನವನಾಗಿ ಒಂದು ಮಾತು ಹೇಳದೆ ಇರಲಾರೆ: ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಇಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರಕ್ಕೆ ಆಗಲೇ ಆ ಹೆಸರಿತ್ತು.

ಇಂಥ ಪತ್ರಿಕೆಗಳಲ್ಲಿ ನಾನು ನಂಬುವುದು ಪಟ್ಟಿಯನ್ನು. ಎಷ್ಟು ಗಂಟೆಗೆ, ಯಾವ ಶೋ, ನಡೆಸಿಕೊಟ್ಟವರು ಯಾರು, ನಿರ್ಮಾಪಕರು ಯಾರು. ಅದು ಆ ವಾರ ಅಚ್ಚಾದದ್ದು, ಮೂವತ್ತು ವರ್ಷದ ನಂತರ ನೆನಪಿನಿಂದ ಬರೆದದ್ದಲ್ಲ. ಬಿಬಿಸಿಯವರು 1923ರಿಂದ 2009ರವರೆಗಿನ ಪಟ್ಟಿಗಳನ್ನೆಲ್ಲ ಜೀನೋಮ್ ಅನ್ನುವ ಹೆಸರಿನಲ್ಲಿ 2014ರಿಂದ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ದುಡ್ಡು ಕೊಡಬೇಕಿಲ್ಲ. ಪುಸ್ತಕದಲ್ಲಿ ಬಿಬಿಸಿಯ ಹಳೆಯ ಶೋ ಒಂದರ ತಾರೀಕು ಬಂದರೆ ಅಲ್ಲಿ ಹೋಗಿ ತಾಳೆ ನೋಡುವುದು ನನಗೆ ಅಭ್ಯಾಸವಾಗಿದೆ. ಕೊನೇ ಗಳಿಗೆಯಲ್ಲಿ ಕಾರ್ಯಕ್ರಮ ಬದಲಾಗಿದ್ದರೆ ಪಟ್ಟಿಗೆ ಗೊತ್ತಿರುವುದಿಲ್ಲ, ಅದೊಂದು ನೆನಪಿಟ್ಟುಕೊಳ್ಳಿ. ಲೇಖನ, ಸಂದರ್ಶನ, ಪುಸ್ತಕದ ಹೊಗಳಿಕೆ ಇವೆಲ್ಲ ಬೇರೆ. ಶೋ ನೋಡಲಿ ಅಂತಲೇ ಬರೆಸುವಂಥವು. ಓದಲು ಚೆನ್ನಾಗಿರುತ್ತವೆ, ಚಿತ್ರಗಳೂ ಚೆನ್ನಾಗಿರುತ್ತವೆ, ಆದರೆ ತೆರೆಯ ಹಿಂದೆ ಏನಾಯಿತು ಅಂತ ತಿಳಿಯಲು ಅಲ್ಲಿಗೆ ಹೋಗಬೇಡಿ.

ಇನ್ನು ನಿರ್ಮಾಪಕರ ಪುಸ್ತಕಗಳು. ನಿರೂಪಕರ ಪುಸ್ತಕಕ್ಕಿಂತ ಇವನ್ನೇ ನಾನು ಹುಡುಕಿ ಓದುತ್ತೇನೆ. ಪ್ರಶ್ನೆ ಯಾರು ಬರೆದರು, ಸ್ಪರ್ಧಿಯನ್ನು ಯಾರು ಆರಿಸಿದರು, ಬಹುಮಾನದ ದುಡ್ಡು ಎಲ್ಲಿಂದ ಬಂತು, ಇವೆಲ್ಲ ಗೊತ್ತಿರುವುದು ಅವರಿಗೇ ಅಲ್ವಾ.

ಅಮೆರಿಕದ ನಿರ್ಮಾಪಕ ಮರ್ವ್ ಗ್ರಿಫಿನ್ ತಮ್ಮ ಜೆಪರ್ಡಿ ಅನ್ನುವ ಕ್ವಿಜ್ ಶೋ ಹೇಗೆ ಹೊಳೆಯಿತು ಅಂತ ಹೇಳಿದ್ದನ್ನೇ ತೆಗೆದುಕೊಳ್ಳಿ. ಗಂಡ ಹೆಂಡತಿ ವಿಮಾನದಲ್ಲಿ ನ್ಯೂಯಾರ್ಕಿಗೆ ಬರುತ್ತಿದ್ದಾರೆ. ಕ್ವಿಜ್ ಶೋ ಅಂದರೆ ಮೋಸ ಅಂತ ಹೆಸರು ಕೆಟ್ಟಿದ್ದ ಕಾಲ, ಸ್ಪರ್ಧಿಗಳಿಗೆ ಮೊದಲೇ ಉತ್ತರ ಕೊಟ್ಟಿದ್ದರು ಅಂತ. ಹೆಂಡತಿ ಜೂಲಾನ್, ಹಾಗಾದರೆ ಉತ್ತರವನ್ನೇ ಕೊಟ್ಟುಬಿಡಿ, ಅವರು ಪ್ರಶ್ನೆ ಹೇಳಲಿ ಅಂದರಂತೆ. 5,280 ಅಂದರು. ಇವರು ಒಂದು ಮೈಲಿಗೆ ಎಷ್ಟು ಅಡಿ ಅಂದರು. ಅಷ್ಟೇ, ಶೋ ಸಿಕ್ಕಿತು. 1964ರ ಮಾರ್ಚ್ 30ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಯಿತು. ಸ್ಪರ್ಧಿಗಳು ಕೊನೆಯ ಉತ್ತರ ಬರೆಯುವಾಗ ಕೇಳುವ ಸಂಗೀತ ಗ್ರಿಫಿನ್ ತಮ್ಮ ಮಗನಿಗೆ ಲಾಲಿ ಅಂತ ಮಾಡಿದ್ದು, ಅದರ ರಾಯಲ್ಟಿಯಿಂದಲೇ ಅವರಿಗೆ ಕೋಟ್ಯಂತರ ಡಾಲರ್ ಬಂತು. ಇಂಥ ವಿಷಯ ನಿರ್ಮಾಪಕರ ಬಾಯಿಂದಲೇ ಬರಬೇಕು.

ಆದರೆ ಚಕ್ ಬ್ಯಾರಿಸ್ ಅವರ ಪುಸ್ತಕವೂ ಇದೆ. ಡೇಟಿಂಗ್ ಗೇಮ್, ಗಾಂಗ್ ಶೋ ಮಾಡಿದವರು. 1984ರ ತಮ್ಮ ಆತ್ಮಕಥೆಯಲ್ಲಿ, ಗೇಮ್ ಶೋ ಮಾಡುತ್ತಲೇ ನಾನು ಸಿಐಎಗಾಗಿ ಕೊಲೆಗಳನ್ನು ಮಾಡುತ್ತಿದ್ದೆ ಅಂತ ಬರೆದರು. ಡೇಟಿಂಗ್ ಗೇಮ್‌ನಲ್ಲಿ ಗೆದ್ದ ಜೋಡಿಗಳನ್ನು ಪ್ರವಾಸಕ್ಕೆ ಕಳಿಸುತ್ತಿದ್ದರು, ಅವರ ಜೊತೆ ಹಿರಿಯರಾಗಿ ತಾವು ಹೋಗಿ ಆ ನೆಪದಲ್ಲಿ ಕೆಲಸ ಮುಗಿಸಿ ಬರುತ್ತಿದ್ದರಂತೆ. ಸಿಐಎ ಅದನ್ನು ಸಾರಾಸಗಟಾಗಿ ಅಲ್ಲಗಳೆಯಿತು. 2002ರಲ್ಲಿ ಸಿನಿಮಾ ಕೂಡ ಆಯಿತು. ನಾನು ಆ ಪುಸ್ತಕವನ್ನು ಎರಡು ಸಲ ಓದಿದ್ದೇನೆ. ಕೊಲೆಯ ಕಥೆ ನನಗೆ ನಂಬಿಕೆ ಬರಲಿಲ್ಲ, ಟಿವಿ ಕಂಪನಿಯ ಆಫೀಸುಗಳ ಕಥೆ ಪೂರ್ತಿ ನಂಬಿಕೆ ಬಂತು. ಒಂದೇ ಪುಸ್ತಕದಲ್ಲಿ ಎರಡೂ ಇರಬಹುದು.

ಉತ್ತರ ಮೊದಲೇ ಕೊಟ್ಟಿದ್ದರು ಅಂದೆನಲ್ಲ, ಆ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅಲ್ಲೇ.

1956ರಲ್ಲಿ ಎನ್‌ಬಿಸಿಯಲ್ಲಿ ಟ್ವೆಂಟಿ-ಒನ್ ಅನ್ನುವ ಕ್ವಿಜ್ ಶುರುವಾಯಿತು. ನಿರ್ಮಾಪಕ ಡ್ಯಾನ್ ಎನ್‌ರೈಟ್. ಮೊದಲ ಸಂಚಿಕೆಯಲ್ಲಿ ಮೋಸ ಇರಲಿಲ್ಲ, ಸ್ಪರ್ಧಿಗಳು ಪ್ರಶ್ನೆ ಮೇಲೆ ಪ್ರಶ್ನೆ ತಪ್ಪಿದರು, ನೋಡಲು ಸಪ್ಪೆ. ಮಾರನೇ ದಿನ ಸ್ಪಾನ್ಸರ್ ಸಿಟ್ಟಾದರು, ಅಲ್ಲಿಂದ ಎಲ್ಲ ಮೊದಲೇ ಹೇಳಿಕೊಡುವುದು ಶುರುವಾಯಿತು ಅಂತ ಎನ್‌ರೈಟ್ ಅವರೇ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡರು. ಹರ್ಬ್ ಸ್ಟೆಂಪಲ್ ಅನ್ನುವ ಸ್ಪರ್ಧಿಗೆ ಉತ್ತರ ಅಷ್ಟೇ ಅಲ್ಲ, ಬೆವರು ಹೇಗೆ ಒರೆಸಿಕೊಳ್ಳಬೇಕು ಅಂತಲೂ ಹೇಳಿಕೊಟ್ಟಿದ್ದರು: ಉಜ್ಜಬೇಡ, ಕರ್ಚೀಫಿನಿಂದ ಮೆಲ್ಲಗೆ ಒತ್ತಿಕೋ. ಸ್ಪರ್ಧಿ ನಿಲ್ಲುತ್ತಿದ್ದ ಗಾಜಿನ ಗೂಡಿನೊಳಗೆ ಏಸಿ ಆಫ್ ಮಾಡಿದರೆ ಬೆವರು ತಾನಾಗೇ ಬರುತ್ತಿತ್ತು. 1956ರ ಡಿಸೆಂಬರ್ 5ರಂದು ಅವರು ಸೋಲಬೇಕು ಅಂತ ತೀರ್ಮಾನವಾಯಿತು. ಹಿಂದಿನ ವರ್ಷದ ಅತ್ಯುತ್ತಮ ಸಿನಿಮಾ ಆಸ್ಕರ್ ಯಾವುದಕ್ಕೆ ಅನ್ನುವ ಪ್ರಶ್ನೆ. ಉತ್ತರ ಮಾರ್ಟಿ. ಅದು ಅವರ ತುಂಬಾ ಇಷ್ಟದ ಸಿನಿಮಾ, ಗೊತ್ತಿದ್ದೂ ತಪ್ಪು ಹೇಳಿದರು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗೆದ್ದ ಚಾರ್ಲ್ಸ್ ವಾನ್ ಡೋರನ್ ಕಾಲೇಜು ಮೇಷ್ಟ್ರು, ನೋಡಲು ಚೆಂದ. 1957ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದರು, ಎನ್‌ಬಿಸಿ ಅವರಿಗೆ ಕೆಲಸವನ್ನೂ ಕೊಟ್ಟಿತು. ಟೈಮ್ ಯಾವ ಚಾನೆಲ್‌ನ ಪತ್ರಿಕೆಯೂ ಅಲ್ಲ, ಆದರೂ ಮರುಳಾಯಿತು. ಹಾಗಿರುವಾಗ ಚಾನೆಲ್‌ನ ಸ್ವಂತ ಪತ್ರಿಕೆಯಿಂದ ಏನು ನಿರೀಕ್ಷೆ ಮಾಡುತ್ತೀರಿ?

ಈ ಮೋಸಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಹೇಗೆ ಅಂದರೆ, ಜೇಮ್ಸ್ ಸ್ನಾಡ್‌ಗ್ರಾಸ್ ಅನ್ನುವ ಸ್ಪರ್ಧಿ, ಒಬ್ಬ ಕಲಾವಿದ, ತನಗೆ ಮೊದಲೇ ಕೊಟ್ಟ ಪ್ರಶ್ನೆ ಉತ್ತರಗಳನ್ನೆಲ್ಲ ಬರೆದು, ಶೋ ಪ್ರಸಾರಕ್ಕೆ ಮುಂಚೆಯೇ ತನಗೆ ತಾನೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿಕೊಂಡಿದ್ದರು. ಲಕೋಟೆ ಬಂದ ಮೇಲೂ ಬಿಚ್ಚಲಿಲ್ಲ. 1959ರಲ್ಲಿ ಸಂಸತ್ತಿನ ವಿಚಾರಣೆಯಲ್ಲಿ ಆ ಲಕೋಟೆಯನ್ನು ಎಲ್ಲರೆದುರು ಬಿಚ್ಚಿದರು. ಅಂಚೆ ಮುದ್ರೆಯ ತಾರೀಕು ಹೊರಗೆ, ಉತ್ತರ ಒಳಗೆ. ಅದೇ ವರ್ಷ ನವೆಂಬರ್ 2ರಂದು ವಾನ್ ಡೋರನ್ ಅವರೂ ಒಪ್ಪಿಕೊಂಡರು, 1960ರಲ್ಲಿ ಇಂಥ ಮೋಸ ಕಾನೂನಿನ ಪ್ರಕಾರ ಅಪರಾಧವಾಯಿತು.

ಹಾಗಾಗಿ ಅಂಗಡಿಯಲ್ಲಿ ಪುಸ್ತಕ ಕೈಗೆ ಸಿಕ್ಕರೆ ಸೆಲೆಬ್ರಿಟಿಗಳ ಫೋಟೋ ಇರುವ ಪುಟಗಳನ್ನು ದಾಟಿ ಮುಂದೆ ಹೋಗಿ. ಬಹುಮಾನದ ದುಡ್ಡು ಯಾರು ಕೊಟ್ಟರು ಅಂತ ಬರೆದಿದ್ದಾರಾ ನೋಡಿ. ಪುನೀತ್ ನಡೆಸಿಕೊಡುತ್ತಿದ್ದ ನಮ್ಮ ಕನ್ನಡದ ಕೋಟ್ಯಧಿಪತಿಯ ಮೂಲ, ಬ್ರಿಟನ್ನಿನಲ್ಲಿ 1998ರಲ್ಲಿ ಶುರುವಾದ ಶೋ. ಅಲ್ಲಿ ಸ್ಪರ್ಧಿಯಾಗಲು ಜನ ಮಾಡುತ್ತಿದ್ದ ದುಬಾರಿ ಫೋನ್ ಕರೆಗಳಿಂದಲೇ ಬಹುಮಾನದ ದುಡ್ಡು ಹುಟ್ಟುತ್ತಿತ್ತು. ಇಂಥದ್ದನ್ನು ಬಿಡಿಸಿ ಹೇಳುವ ನಿರ್ಮಾಪಕರು ಸಿಕ್ಕರೆ ಪುಸ್ತಕಕ್ಕೆ ಕೊಟ್ಟ ದುಡ್ಡು ಸಾರ್ಥಕ. ಆಮೇಲೆ ಪ್ರಶ್ನೆಪತ್ರಿಕೆ ಶೋಗೆ ಮುಂಚೆ ಯಾರ ಯಾರ ಕೈಲಿತ್ತು, ಬೀಗ ಯಾರ ಬಳಿ ಇತ್ತು, ಸ್ಪರ್ಧಿಗಳನ್ನು ಆರಿಸುವಾಗ ಯಾರನ್ನು ಯಾಕೆ ಬಿಟ್ಟರು, ಇವು ಇದೆಯಾ ನೋಡಿ. ಸೋತ ಶೋಗಳ ಬಗ್ಗೆ ಒಂದು ಅಧ್ಯಾಯವಾದರೂ ಇದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಜನ ಸುಳ್ಳು ಹೇಳುವುದು ಕಡಿಮೆ.

ಇವು ಯಾವುವೂ ಇಲ್ಲದೆ ಬರೀ ಆ ಸ್ಟಾರ್ ಹೀಗಂದರು, ಈ ಸ್ಟಾರ್ ಹಾಗಂದರು ಅಂತ ಇದ್ದರೆ ಸುಮ್ನೆ ವಾಪಸ್ ಶೆಲ್ಫಿಗೆ ಇಡಿ, ಅದೆಲ್ಲ ಪತ್ರಿಕೆಯ ಆ ನಾಲ್ಕು ಪುಟದಲ್ಲೇ ಬಂದಿರುತ್ತದೆ. ಪ್ರಶ್ನೆಪತ್ರಿಕೆಯ ಬೀಗದ ಬಗ್ಗೆ ಏನಾದರೂ ಸಿಕ್ಕರೆ ನನಗೂ ಪುಸ್ತಕದ ಹೆಸರು ತಿಳಿಸಿ, ನಾನೂ ಒಂದು ಪ್ರತಿ ತರಿಸಿಕೊಳ್ಳುತ್ತೇನೆ.