ಮಗನನ್ನು ಎಬ್ಬಿಸಿದ್ದು ನಾಯಿ, ಮಾತ್ರೆ ಇನ್ನು ಬೇಡವೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಮಗನಿಗೆ 27 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ಖಿನ್ನತೆ ಎಂದು ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಹೊತ್ತು ನೆತ್ತಿಗೇರಿದರೂ ಹಾಸಿಗೆ ಬಿಡುತ್ತಿರಲಿಲ್ಲ, ಯಾರ ಹತ್ತಿರವೂ ಮಾತಿಲ್ಲ. ಮಳೆಗಾಲದಲ್ಲಿ ಗಾಡಿ ಬಡಿದು ಬಿದ್ದಿದ್ದ ಬೀದಿನಾಯಿಯನ್ನು ಎತ್ತಿಕೊಂಡು ಬಂದ. ಹಿಂಗಾಲು ಮುರಿದಿತ್ತು. ಕಾಳು ಎಂದು ಹೆಸರಿಟ್ಟಿದ್ದಾನೆ. ಈಗ ಆರು ಗಂಟೆಗೇ ಏಳುತ್ತಾನೆ, ಅದಕ್ಕೆ ಗಂಜಿ ಬೇಯಿಸುತ್ತಾನೆ, ಜೊತೆಗೆ ತೋಟ, ಬೆಟ್ಟ ಸುತ್ತುತ್ತಾನೆ. ಮೊನ್ನೆಯಿಂದ ‘ನನಗೆ ಕಾಳು ಸಾಕು, ಮಾತ್ರೆ ಬೇಡ’ ಅಂತಿದ್ದಾನೆ. ನಮ್ಮ ಅತ್ತೆಯವರಿಗೆ ಮಡಿ, ನಾಯಿ ಒಳಗೆ ಬರಬಾರದು. ಇವನು ರಾತ್ರಿ ಅದನ್ನು ಬಿಟ್ಟು ಮಲಗುವುದಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಶಿರಸಿ ತಾಲ್ಲೂಕು

ಮನೋವೈದ್ಯರ ಉತ್ತರ: ಮೊದಲು ಮಾತ್ರೆ ವಿಷಯ. ನಿಲ್ಲಿಸಬೇಡಿ. ಪೂರ್ತಿ ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸುತ್ತೇವೆ. ಆಮೇಲೆ ಡಾಕ್ಟರೇ ನಿಧಾನಕ್ಕೆ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಬರಬಹುದು. ಕಾಯಿಲೆ ಮರುಕಳಿಸಲೂಬಹುದು. ಇದನ್ನು ಮಗನಿಗೆ ಹೇಳುವಾಗ ‘ನಾಯಿಯಿಂದ ಏನಾಗತ್ತೆ’ ಎಂದು ಮಾತ್ರ ಹೇಳಬೇಡಿ. ಯಾಕೆಂದರೆ ಆಗಿದೆ.

ಮನಸ್ಸು ಸರಿಯಾದ ಮೇಲೆ ಏಳುತ್ತೇನೆ ಎಂದು ಕಾಯಿಸುವುದು ಖಿನ್ನತೆಯ ಗುಣ. ಚಿಕಿತ್ಸೆಯಲ್ಲಿ ನಾವು ಇದನ್ನು ತಿರುಗಿಸುತ್ತೇವೆ. ಮೊದಲು ಎದ್ದು, ಒಂದು ಸಣ್ಣ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಬೇಕು. ಉತ್ಸಾಹ ಹಿಂದಿನಿಂದ ಬರುತ್ತದೆ. ನಾವು ವೇಳಾಪಟ್ಟಿ ಬರೆದುಕೊಟ್ಟರೆ ಎಷ್ಟೋ ಜನ ಮಡಚಿ ಜೇಬಿಗಿಡುತ್ತಾರೆ, ಅಷ್ಟೇ. ಹಸಿದ ನಾಯಿ ಬಾಗಿಲು ಕೆರೆಯುತ್ತಿದ್ದರೆ ಹಾಗೆ ಮಡಚಿಡಲು ಆಗುವುದಿಲ್ಲ.

ನಾಯಿಯೂ ಸಾಕಿದವರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ ಎಂದು 2015ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನ್ ಅದು. ನಾನಂತೂ ಹಾರ್ಮೋನಿಗಿಂತ ಬೆಳಗಿನ ಆ ಗಂಜಿಗೇ ಜಾಸ್ತಿ ಬೆಲೆ ಕೊಡುತ್ತೇನೆ.

ಪೆಟ್ಟು ತಿಂದ ಬೀದಿನಾಯಿಗೆ ಮೊದಮೊದಲು ಕೈ ಚಾಚಿದರೆ ಗುರ್ ಎನ್ನುತ್ತದೆ. ಬಟ್ಟಲು ಇಟ್ಟು, ಕಣ್ಣು ತಪ್ಪಿಸಿ, ಓರೆಯಾಗಿ ಕುಳಿತಿರಬೇಕು. ಅದು ಕುತ್ತಿಗೆ ಚಾಚಿ ಒಂದು ತುತ್ತು ಕಚ್ಚಿಕೊಂಡು ಮತ್ತೆ ಹಿಂದೆ ಸರಿಯುತ್ತದೆ. ಮಾತೇ ಬೇಡ ಎಂದಿದ್ದ ಹುಡುಗ ಅಷ್ಟು ತಾಳ್ಮೆ ತೋರಿಸಿದ್ದಾನೆ. ಮುಂದಿನ ಸಲ ಹೋದಾಗ ಇದನ್ನು ಅವನ ಡಾಕ್ಟರಿಗೆ ಖಂಡಿತ ಹೇಳಿ.

ಆ ಕೆಲಸ ಅವನ ಕೈಯಲ್ಲೇ ಇರಲಿ. ತಡವಾಗಿ ಎದ್ದ ದಿನ ‘ಸುಮ್ನೆ ನಾನೇ ಹಾಕಿಬಿಡ್ತೇನೆ’ ಅನ್ನಿಸುತ್ತದೆ. ಸ್ವಲ್ಪ ಕಾಯಿರಿ. ನಿಜಕ್ಕೂ ಏಳಲಾಗದ ದಿನವೂ ಬರುತ್ತದೆ. ಆಗ ನೀವೇ ಹಾಕಿ, ಆದರೆ ‘ನಾಯಿ ನೋಡ್ಕೊಳ್ಳೋದಕ್ಕೂ ಆಗಲ್ವಾ’ ಎಂಬ ಮಾತು ಬೇಡ.

ನನಗೆ ಯೋಚನೆಯಾಗುವುದು ‘ಕಾಳು ಸಾಕು’ ಎಂಬ ಮಾತಿಗೆ. ಒಂದೇ ಜೀವದ ಮೇಲೆ ಎಲ್ಲ ಭಾರ ಹಾಕಿದರೆ ಅದಕ್ಕೇನಾದರೂ ಆದ ದಿನ ಇವನು ಕುಸಿಯುತ್ತಾನೆ. ಹಾಗಾಗಿ ನಾಯಿಯ ನೆಪದಲ್ಲೇ ಜನರ ಸಂಪರ್ಕ ಬೆಳೆಯಲಿ. ಪಶು ಆಸ್ಪತ್ರೆಗೆ ಅವನೇ ಕರೆದೊಯ್ಯಲಿ. ಮನೆಗೆ ಬಂದ ನೆಂಟರು ಕವಳ ಹಾಕುತ್ತಾ ‘ಮುಂದೆ ಎಂತ ಮಾಡೂದು?’ ಎಂದು ಕೇಳುತ್ತಾರಲ್ಲ, ದಾರಿಯಲ್ಲಿ ಕಾಳು ಜೊತೆಗಿದ್ದರೆ ಜನ ಅದರ ಕಾಲಿನ ಬಗ್ಗೆ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವುದು ಅವನಿಗೆ ಸುಲಭ.

ರೇಬೀಸ್ ಲಸಿಕೆಯನ್ನು ನಾಯಿಗೆ ವರ್ಷಕ್ಕೊಮ್ಮೆ ಹಾಕಿಸಿ. ಹಲ್ಲು, ಉಗುರು ತಾಗಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ಬೆಟ್ಟ ಸುತ್ತುವುದು ಬೇಡ, ತೋಟದ ದಾರಿ ಸಾಕು. ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದ. ನಾಯಿಯ ಮೈಗೆ ಹತ್ತಿದ ಉಣ್ಣಿ ಸೀದಾ ಹಾಸಿಗೆಗೆ ಬರುತ್ತದೆ. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ದಿನಾ ನೋಡಲಿ, ಬರಿಗೈಯಲ್ಲಿ ಹಿಸುಕಬಾರದು. ಉಣ್ಣಿಗೆ ಔಷಧಿ ಪಶುವೈದ್ಯರು ಕೊಡುತ್ತಾರೆ.

ಒಂದು ಮಾತಿಗೆ ಮಾತ್ರ ಕಿವಿಗೊಟ್ಟಿರಿ. ‘ನಾನಿಲ್ಲದಿದ್ದರೆ ಕಾಳುನ ನೋಡ್ಕೊಳ್ಳಿ’ ಎಂದರೆ ತಮಾಷೆ ಎಂದು ಬಿಡಬೇಡಿ. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬನನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅತ್ತೆಯವರ ಮಡಿ. ಗಂಜಿಗೆ ಬೇರೆ ಪಾತ್ರೆ, ಹಿತ್ತಲ ಒಲೆ ಇರಲಿ. ದೇವರ ಕೋಣೆ, ಅಡುಗೆಮನೆ ಕಡೆ ನಾಯಿ ಬೇಡ. ಜಗಲಿಗೆ ತಾಗಿದ ಕೋಣೆ ಇದ್ದರೆ ರಾತ್ರಿ ಇಬ್ಬರೂ ಅಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ. ನಮ್ಮ ಕಡೆ ತೆರೆದ ಜಗಲಿಯಲ್ಲಿ ಮಲಗಿದ ನಾಯಿಯನ್ನು ಚಿರತೆ ಬಿಡುವುದಿಲ್ಲ. ಅದನ್ನು ಹೇಳಿದರೆ ಅತ್ತೆಯವರೂ ಬೇಡ ಅನ್ನಲಾರರು.